ಸಾರ್ವಜನಿಕ ಉದ್ಯಾನ ಮತ್ತು ಬಯಲುಗಳ ಆರೈಕೆ: ಸ್ವಯಂಸೇವಕರಿಗೊಂದು ಸಮಗ್ರ ಮಾರ್ಗದರ್ಶಿ

ಸಾರ್ವಜನಿಕ ಉದ್ಯಾನವನ್ನೋ ಪಾಳುಬಿದ್ದ ಬಯಲನ್ನೋ ಸರಿಪಡಿಸಬೇಕೆಂಬ ಮನಸ್ಸಾದ ಕೂಡಲೇ ಹೆಚ್ಚಿನವರ ಕೈ ಗುದ್ದಲಿಯತ್ತ, ಕಣ್ಣು ಸಸಿಯತ್ತ ಹೋಗುತ್ತದೆ. ರಜೆಯ ದಿನವೊಂದರಲ್ಲಿ ಜನ ಸೇರಿ, ಗುಂಡಿ ತೋಡಿ, ಸಸಿ ನೆಟ್ಟು, ಕೈತೊಳೆದು ಮನೆಗೆ ಹೋಗುತ್ತಾರೆ. ಮುಂದಿನ ಬೇಸಿಗೆಯ ಹೊತ್ತಿಗೆ ಅಲ್ಲಿ ಉಳಿದಿರುವುದು ಒಣಗಿದ ಕಡ್ಡಿಗಳ ಸಾಲು ಮಾತ್ರ. ನಾನೂ ಅಂಥ ಸಾಲುಗಳನ್ನು ನೆಟ್ಟವನೇ ಆದ್ದರಿಂದ, ಈ ಮಾರ್ಗದರ್ಶಿಯನ್ನು ನೆಡುವುದರಿಂದ ಆರಂಭಿಸದೆ, ನೆಡುವುದಕ್ಕೆ ಮುಂಚೆ ಮತ್ತು ನೆಟ್ಟ ಅನಂತರ ಮಾಡಬೇಕಾದ ಕೆಲಸಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ನೆಲದ ಆರೈಕೆ ಎಂದರೆ ಬಹುಮಟ್ಟಿಗೆ ನೋಡುವುದು, ತೆಗೆಯುವುದು, ತಡೆಯುವುದು, ಮತ್ತು ಅದೇ ಜಾಗಕ್ಕೆ ತಿಂಗಳು ತಿಂಗಳೂ ಹಿಂತಿರುಗುವುದು.

ಹಂತ 1: ಜಾಗ ಯಾರ ಸುಪರ್ದಿನಲ್ಲಿದೆ ಎಂದು ತಿಳಿಯುವುದು

ಸಾರ್ವಜನಿಕ ಜಾಗ ಎಲ್ಲರಿಗೂ ಸೇರಿದ್ದು ನಿಜ; ಆದರೆ ಅಲ್ಲಿನ ಗಿಡವೊಂದನ್ನು ಕಡಿಯುವ ಅಥವಾ ನೆಡುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ. ಒಂದೇ ಉದ್ಯಾನದಲ್ಲಿ ಹುಲ್ಲುಹಾಸು ಸ್ಥಳೀಯ ಆಡಳಿತದ ಕೈಯಲ್ಲಿದ್ದು, ಅಂಚಿನ ತೊರೆ ಮತ್ತೊಂದು ಇಲಾಖೆಗೆ ಸೇರಿರಬಹುದು. ನೆಲದಡಿಯ ನೀರಿನ ಕೊಳವೆ, ವಿದ್ಯುತ್ ತಂತಿಗಳು ಮೂರನೆಯವರ ಹೊಣೆಯಾಗಿರಬಹುದು. ಆದ್ದರಿಂದ ಮೊದಲ ಕೆಲಸ ಕಚೇರಿಗೆ ಹೋಗಿ ಆ ಜಾಗದ ನಕ್ಷೆಯನ್ನು ಕೇಳಿ ನೋಡುವುದು. ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸ್ವಯಂಸೇವಕರ ಗುಂಪೊಂದಿದ್ದರೆ, ಹೊಸ ಗುಂಪು ಕಟ್ಟುವುದಕ್ಕಿಂತ ಅವರ ಜೊತೆ ಒಂದು ವರ್ಷ ದುಡಿಯುವುದು ಮೇಲು. ಆ ನೆಲದಲ್ಲಿ ಏನೇನು ಸೋತಿದೆ ಎಂಬ ತಿಳಿವಳಿಕೆ ಕಡತಗಳಲ್ಲಿರುವುದಿಲ್ಲ, ಹಳಬರ ತಲೆಯಲ್ಲಿರುತ್ತದೆ.

ಅನುಮತಿ ಲಿಖಿತವಾಗಿಯೇ ಇರಲಿ. ಬಾಯಿಮಾತಿನ ಒಪ್ಪಿಗೆ ಕೊಟ್ಟ ಅಧಿಕಾರಿ ವರ್ಗವಾಗಿ ಹೋದ ದಿನವೇ ಆ ಒಪ್ಪಿಗೆಯೂ ಹೋಗುತ್ತದೆ. ಪತ್ರದಲ್ಲಿ ಕೆಲಸದ ಜಾಗದ ಎಲ್ಲೆ, ಯಾವ ಯಾವ ಕೆಲಸಕ್ಕೆ ಒಪ್ಪಿಗೆಯಿದೆ, ಉಪಕರಣ ಕೊಡುವವರು ಯಾರು, ತೆಗೆದ ಕಳೆ ಹಾಗೂ ಕಸವನ್ನು ಸಾಗಿಸುವವರು ಯಾರು, ಗಾಯವಾದರೆ ಹೊಣೆ ಮತ್ತು ವಿಮೆ ಯಾರದು, ಮತ್ತು ಉದ್ಯಾನದ ಸಿಬ್ಬಂದಿಯಲ್ಲಿ ನಿಮ್ಮ ಮಾತಿಗೆ ಉತ್ತರಿಸುವವರು ಯಾರು ಎಂಬಿಷ್ಟು ಸ್ಪಷ್ಟವಾಗಿರಬೇಕು. ಒಂದು ವಿಷಯವನ್ನು ಹೆಚ್ಚಿನವರು ಕೇಳುವುದಕ್ಕೇ ಮರೆಯುತ್ತಾರೆ: ಹುಲ್ಲು ಕತ್ತರಿಸುವ ಯಂತ್ರ ಅಲ್ಲಿಗೆ ಯಾವಾಗ ಬರುತ್ತದೆ ಎಂಬುದು. ನೀವು ಆರು ತಿಂಗಳು ಸಾಕಿದ ಎಳೆಗಿಡಗಳನ್ನು ಆ ಯಂತ್ರ ಐದು ನಿಮಿಷದಲ್ಲಿ ನೆಲಸಮ ಮಾಡಬಲ್ಲದು. ತಪ್ಪು ಅದನ್ನು ನಡೆಸಿದವರದಲ್ಲ, ಗೂಟ ನೆಟ್ಟು ಗುರುತು ಮಾಡದವರದು.

ಹಂತ 2: ನೆಲವನ್ನು ಓದುವುದು

ಸಾಧ್ಯವಾದರೆ ಎಲ್ಲ ಋತುಗಳಲ್ಲೂ, ಆಗದಿದ್ದರೆ ಒಂದು ಮಳೆಗಾಲ ಮತ್ತು ಒಂದು ಒಣಗಾಲದಲ್ಲಾದರೂ ಆ ಜಾಗವನ್ನು ಬರಿಗೈಯಲ್ಲಿ ಸುತ್ತಿ ನೋಡಿ. ದೊಡ್ಡ ಹಾಳೆಯ ಮೇಲೆ ಸರಳ ನಕ್ಷೆಯೊಂದನ್ನು ಬರೆದುಕೊಂಡು, ಮಳೆ ನಿಂತ ಅರ್ಧ ಗಂಟೆಯ ಬಳಿಕ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ಮಣ್ಣನ್ನು ಹೊತ್ತೊಯ್ಯುತ್ತದೆ, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತದೆ, ಜನ ಕಲ್ಲುಹಾಸು ಬಿಟ್ಟು ಎಲ್ಲಿ ಅಡ್ಡದಾರಿ ಹಿಡಿಯುತ್ತಾರೆ ಎಂಬುದನ್ನೆಲ್ಲ ಗುರುತು ಹಾಕಿಕೊಳ್ಳಿ. ಜನ ತುಳಿದು ಮಾಡಿದ ಕಾಲುದಾರಿಯ ಮೇಲೆ ಗಿಡ ನೆಟ್ಟು ಗೆದ್ದವರನ್ನು ನಾನು ಕಂಡಿಲ್ಲ. ಆ ದಾರಿಯನ್ನು ಒಪ್ಪಿಕೊಂಡು ಸರಿಯಾಗಿ ಕಟ್ಟಿಕೊಡುವುದೇ ಜಾಣತನ.

ಮಣ್ಣಿನ ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. ಒದ್ದೆಯಾಗಿರುವ ನೆಲದಲ್ಲಿ ತೆಳುವಾದ ಕಬ್ಬಿಣದ ಸರಳೊಂದನ್ನು ಕೈಯಿಂದ ಒತ್ತಿ ನೋಡಿ. ಒಂದು ಗೇಣೂ ಇಳಿಯದಿದ್ದರೆ ಮಣ್ಣು ತುಳಿತದಿಂದ ಗಟ್ಟಿಯಾಗಿದೆ, ಅಲ್ಲಿ ಬೇರು ಇಳಿಯುವುದು ಕಷ್ಟ. ನೀರು ಇಂಗುವ ಬಗೆಯನ್ನು ತಿಳಿಯಲು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿಸಿ ಇಂಗಲು ಬಿಟ್ಟು, ಮತ್ತೆ ತುಂಬಿಸಿ ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಗಂಟೆಗೆ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ, ಅಲ್ಲಿ ನೀರು ನಿಲ್ಲುವುದನ್ನು ತಾಳುವ ಗಿಡಗಳನ್ನಷ್ಟೇ ಯೋಚಿಸಬೇಕು. ಗಾಜಿನ ಭರಣಿಯಲ್ಲಿ ಮಣ್ಣು ಮತ್ತು ನೀರನ್ನು ಕುಲುಕಿ ಒಂದು ದಿನ ಅಲುಗಿಸದೆ ಇಟ್ಟರೆ, ಕೆಳಗೆ ಮರಳು, ನಡುವೆ ಹೂಳು, ಮೇಲೆ ಜೇಡಿ ಪದರ ಪದರವಾಗಿ ಕುಳಿತು, ಮಣ್ಣಿನ ಜಾತಿ ಕಣ್ಣಿಗೇ ಕಾಣುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಈ ನೆಲ ಮೊದಲು ಏನಾಗಿತ್ತು ಎಂಬುದು. ಮರವಿಲ್ಲದ ಜಾಗವೆಲ್ಲ ಮರ ಕಳೆದುಕೊಂಡ ಜಾಗವಲ್ಲ. ಹುಲ್ಲುಗಾವಲು, ಜೌಗು, ಕುರುಚಲು ಕಾಡು ಇವು ತಮ್ಮಷ್ಟಕ್ಕೆ ಸಂಪೂರ್ಣವಾದ ನೆಲೆಗಳು. ಅಲ್ಲಿಯ ಹಕ್ಕಿ, ಕೀಟ, ಗಡ್ಡೆಯ ಗಿಡಗಳು ತೆರೆದ ಬೆಳಕನ್ನೇ ನಂಬಿ ಬದುಕಿವೆ. ಹಳೆಯ ಹುಲ್ಲುಗಾವಲಿಗೆ ಮರದ ಸಸಿ ನೆಡುವುದು ಪುನಶ್ಚೇತನದ ಹೆಸರಿನಲ್ಲಿ ನಡೆಯುವ ನಾಶ. ಪುನಶ್ಚೇತನ ಎಂಬ ವಿದ್ಯೆ ಗಟ್ಟಿಗೊಂಡದ್ದೇ ಹುಲ್ಲುಗಾವಲಿನ ಮೇಲೆ ಎಂಬುದನ್ನು ಇಲ್ಲಿ ನೆನೆಯಬಹುದು: 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ, ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ ಮತ್ತು ಅವರ ಸಹೋದ್ಯೋಗಿಗಳು ಉಳುಮೆ ನಿಂತ ಹೊಲವೊಂದನ್ನು ಮತ್ತೆ ಪ್ರೇರಿ ಹುಲ್ಲುಗಾವಲಾಗಿಸಲು ತೊಡಗಿದರು. ಹಳೆಯ ಭಾವಚಿತ್ರ, ಹಳೆಯ ನಕ್ಷೆ, ಹತ್ತಿರದಲ್ಲೆಲ್ಲೋ ಕೆಡದೆ ಉಳಿದಿರುವ ಇಂಥದೇ ನೆಲದ ತುಣುಕು, ಅಲ್ಲಿ ದನ ಮೇಯಿಸಿದ ಹಿರಿಯರ ನೆನಪು, ಇವೆಲ್ಲ ನಿಮಗೆ ಸಾಕ್ಷಿಗಳು.

ಹಂತ 3: ಒಂದು ಪುಟದ ಯೋಜನೆ

ಯೋಜನೆ ಒಂದು ಪುಟ ಮೀರಬೇಕಾಗಿಲ್ಲ. ಯಾವ ತುಂಡು ನೆಲ, ಅಲ್ಲಿ ಈಗ ಏನಿದೆ, ಮೂರು ವರ್ಷದಲ್ಲಿ ಏನಿರಬೇಕು, ಅದಕ್ಕೆ ಯಾವ ತಿಂಗಳಲ್ಲಿ ಯಾವ ಕೆಲಸ, ಇಷ್ಟನ್ನು ಬರೆದರೆ ಸಾಕು. ಆರಿಸಿಕೊಳ್ಳುವ ಜಾಗವನ್ನು ಮಾತ್ರ ನಿಮ್ಮ ಆಸೆಗಿಂತ ಚಿಕ್ಕದಾಗಿ ಆರಿಸಿಕೊಳ್ಳಿ. ಒಮ್ಮೆ ತೆಗೆದ ಕಳೆ ಮತ್ತೆ ಮೊಳೆತಾಗ ಅದನ್ನು ತೆಗೆಯಲು ನಿಮ್ಮಲ್ಲಿ ಜನ ಉಳಿದಿರಬೇಕು; ಹಿಂದಿರುಗಿ ನೋಡಲಾರದಷ್ಟು ನೆಲವನ್ನು ಬಿಡಿಸುವುದೆಂದರೆ ಹೊಸ ಕಳೆಗೆ ಪಾತಿ ಮಾಡಿಕೊಟ್ಟಂತೆ.

ಹಂತ 4: ತಂಡ, ಉಪಕರಣ ಮತ್ತು ಸುರಕ್ಷತೆ

ಕೆಲಸದ ದಿನಕ್ಕೆ ಒಬ್ಬರು ಮೇಲ್ವಿಚಾರಕರು ಇರಲೇಬೇಕು, ಮತ್ತು ಅವರು ಆ ದಿನ ಗುದ್ದಲಿ ಹಿಡಿಯದೆ ಓಡಾಡುತ್ತಿರಬೇಕು. ಹತ್ತು ಜನರಿಗೆ ಒಬ್ಬ ಅನುಭವಿ ಎಂಬ ಲೆಕ್ಕ ನನ್ನ ಅನುಭವದಲ್ಲಿ ಸರಿಹೋಗಿದೆ. ಮಕ್ಕಳು ಇದ್ದರೆ ಇನ್ನೂ ಹೆಚ್ಚು ಜನ ಬೇಕು. ಆರಂಭದ ಹದಿನೈದು ನಿಮಿಷವನ್ನು ಮಾತಿಗೆ ಮೀಸಲಿಡಿ: ಈ ದಿನದ ಕೆಲಸ ಯಾವುದು ಮತ್ತು ಏಕೆ, ಯಾವ ಗಿಡ ಕೀಳಬೇಕು, ಯಾವುದನ್ನು ಮುಟ್ಟಬಾರದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲಿದೆ, ಹತ್ತಿರದ ಆಸ್ಪತ್ರೆ ಯಾವುದು, ಯಾರಿಗಾದರೂ ಜೇನುಹುಳು ಕಚ್ಚಿದರೆ ಅಲರ್ಜಿಯಾಗುತ್ತದೆಯೇ ಎಂಬುದನ್ನೆಲ್ಲ ಕೇಳಿ ಹೇಳಿ ಮುಗಿಸಿ.

ಉಪಕರಣಗಳಲ್ಲಿ ಗುದ್ದಲಿ, ಹಾರೆ, ಪಿಕಾಸಿ, ಸಲಿಕೆ, ಕುಡುಗೋಲು, ಕೊಂಬೆ ಕತ್ತರಿ, ಕೈಗರಗಸ, ಬುಟ್ಟಿ, ದಪ್ಪ ಕೈಗವಸು ಇವಿಷ್ಟಿದ್ದರೆ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಹರಿತವಾದ ಉಪಕರಣಕ್ಕಿಂತ ಮೊಂಡಾದದ್ದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಕಚ್ಚದೆ ಜಾರುತ್ತದೆ. ನಡೆಯುವಾಗ ಉಪಕರಣವನ್ನು ಹೆಗಲ ಮೇಲೆ ಹೊರದೆ, ಅಲಗು ನೆಲಕ್ಕೆ ಮುಖಮಾಡುವಂತೆ ಪಕ್ಕದಲ್ಲಿ, ಇಳಿಜಾರಿನಲ್ಲಾದರೆ ಕೆಳಮಗ್ಗುಲಿನ ಕೈಯಲ್ಲಿ ಹಿಡಿಯಬೇಕು. ಜಾರಿದರೆ ಅದನ್ನು ನಿಮ್ಮಿಂದ ದೂರಕ್ಕೆ ಎಸೆಯುವುದು ಸಾಧ್ಯವಾಗುತ್ತದೆ. ಬೀಸಿ ಕೆಲಸ ಮಾಡುವವರ ನಡುವೆ ಮೂರು ಮೀಟರ್ ಅಂತರ ಇರಲಿ. ಯಂತ್ರಗರಗಸ, ಏಣಿ ಹತ್ತಿ ಮಾಡುವ ಕೆಲಸ, ಕಳೆನಾಶಕ ರಾಸಾಯನಿಕ ಈ ಮೂರನ್ನು ತರಬೇತಿ ಪಡೆದು ಪರವಾನಗಿ ಇರುವವರಿಗೇ ಬಿಡಿ. ಕಸದ ನಡುವೆ ಸೂಜಿ, ಒಡೆದ ಗಾಜು ಕಂಡರೆ ಕೈಗವಸಿದ್ದರೂ ಕೈಯಿಂದ ಮುಟ್ಟದೆ ಚಿಮ್ಮಟದಿಂದ ಹಿಡಿದು ಗಟ್ಟಿ ಡಬ್ಬಿಯಲ್ಲಿ ಹಾಕಬೇಕು. ಮಣ್ಣಿನ ಕೆಲಸ ಮಾಡುವವರೆಲ್ಲ ಧನುರ್ವಾಯು ಲಸಿಕೆ ಪಡೆದಿರುವುದು ಒಳ್ಳೆಯದು.

ಬರುವಾಗ ಮತ್ತು ಹೋಗುವಾಗ ಬೂಟಿನ ಅಡಿಯನ್ನೂ ಉಪಕರಣಗಳ ಅಲಗನ್ನೂ ಬ್ರಷ್ಷಿನಿಂದ ಉಜ್ಜುವ ಅಭ್ಯಾಸವನ್ನು ಅತಿಯೆಂದು ತಿಳಿಯಬೇಡಿ. ಬೇರು ಕೊಳೆಸುವ ಫೈಟಾಫ್ತೊರಾ ಜಾತಿಯ ರೋಗಾಣುಗಳು ಅಂಟಿದ ಮಣ್ಣಿನ ಜೊತೆಯಲ್ಲೇ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಪ್ರಯಾಣ ಮಾಡುತ್ತವೆ. ಕಳೆಬೀಜಗಳು ಪ್ಯಾಂಟಿನ ಅಂಚು ಹಿಡಿದೇ ಊರೂರು ಸುತ್ತುತ್ತವೆ. ರಕ್ಷಿಸಲು ಬಂದವರೇ ರೋಗ ತಂದರೆ ಅದಕ್ಕಿಂತ ಕೆಟ್ಟ ಸೇವೆ ಇಲ್ಲ.

ಹಂತ 5: ಕಳೆ ತೆಗೆಯುವುದು

ಸ್ವಯಂಸೇವಕರ ಶ್ರಮ ಅತಿ ಹೆಚ್ಚು ಫಲ ಕೊಡುವುದು ಇಲ್ಲಿಯೇ. ಬ್ರಿಟನ್ನಿನಲ್ಲಿ 1959ರಲ್ಲಿ ಸಂರಕ್ಷಣಾ ಸ್ವಯಂಸೇವಕರ ಮೊದಲ ತಂಡ ಕೈಗೊಂಡ ಮೊದಲ ಕೆಲಸವೂ ನೆಡುವುದಾಗಿರಲಿಲ್ಲ; ಸರ‍್ರೆ ಪ್ರಾಂತ್ಯದ ಬಾಕ್ಸ್ ಹಿಲ್ ಎಂಬ ಸುಣ್ಣಕಲ್ಲಿನ ಗುಡ್ಡದ ಮೇಲೆ, ಹೂಬಿಡುವ ಸಣ್ಣ ಗಿಡಗಳನ್ನು ಮುಚ್ಚಿಹಾಕುತ್ತಿದ್ದ ಪೊದೆಗಳನ್ನು ಅವರು ಕಡಿದರು. ಹೊರಗಿನಿಂದ ಬಂದು ಹಬ್ಬುವ ಸಸ್ಯಗಳು ಬೆಳಕನ್ನೂ ನೀರನ್ನೂ ಕಸಿದುಕೊಂಡು ಸ್ಥಳೀಯ ಬೀಜಗಳನ್ನು ಮೊಳೆಯಗೊಡುವುದಿಲ್ಲ. ದಕ್ಷಿಣ ಆಫ್ರಿಕಾ ಸರ್ಕಾರ 1995ರಲ್ಲಿ ಆರಂಭಿಸಿದ ‘ವರ್ಕಿಂಗ್ ಫಾರ್ ವಾಟರ್’ ಕಾರ್ಯಕ್ರಮದ ಹಿಂದಿನ ಲೆಕ್ಕಾಚಾರವೇ ಇದು: ಹೊರಗಿನಿಂದ ಬಂದ ಮರಗಳನ್ನು ಜಲಾನಯನ ಪ್ರದೇಶದಿಂದ ತೆಗೆದರೆ ತೊರೆಗಳಿಗೆ ಹೆಚ್ಚು ನೀರು ಉಳಿಯುತ್ತದೆ.

ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ಸಿಡ್ನಿ ನಗರದ ಇಬ್ಬರು ಸೋದರಿಯರು, ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ, 1960ರ ದಶಕದಲ್ಲಿ ತಮ್ಮ ಮನೆಯ ಬಳಿಯ ಕುರುಚಲು ಕಾಡಿನಲ್ಲಿ ಕೈಯಾರೆ ಕಳೆ ಕಿತ್ತು ಕಂಡುಕೊಂಡ ಉತ್ತರ ಇಂದಿಗೂ ಹಳತಾಗಿಲ್ಲ. ಕಳೆ ದಟ್ಟವಾಗಿರುವ ಕಡೆ ನುಗ್ಗಬೇಡಿ. ಸ್ಥಳೀಯ ಗಿಡಗಳು ಚೆನ್ನಾಗಿರುವ ಕಡೆಯಿಂದ ಆರಂಭಿಸಿ, ಕೆಟ್ಟಿರುವ ಕಡೆಗೆ ನಿಧಾನವಾಗಿ ಸರಿಯಿರಿ. ಮಣ್ಣನ್ನು ಆದಷ್ಟು ಕಡಿಮೆ ಕದಲಿಸಿ, ಕದಲಿದ್ದನ್ನು ತರಗೆಲೆಯಿಂದ ಮತ್ತೆ ಮುಚ್ಚಿ. ನಿಮ್ಮ ವೇಗವನ್ನು ಸ್ಥಳೀಯ ಗಿಡಗಳ ಮರುಹುಟ್ಟಿನ ವೇಗ ನಿರ್ಧರಿಸಲಿ. ಕೊನೆಯ ಮಾತೇ ಉತ್ಸಾಹಿಗಳಿಗೆ ಎಲ್ಲಕ್ಕಿಂತ ಕಹಿ. ಒಂದೇ ದಿನದಲ್ಲಿ ಎಕರೆಗಟ್ಟಲೆ ಪೊದೆ ಬಯಲಾದರೆ ನೋಡುವುದಕ್ಕೆ ಚೆಂದ. ಆದರೆ ಆ ಬೋಳು ನೆಲಕ್ಕೆ ಬೆಳಕು ಬಿದ್ದ ಕೂಡಲೇ ಮೊದಲು ಏಳುವುದು ಅದೇ ಕಳೆಯ ಬೀಜ. ಚೆನ್ನಾಗಿರುವ ಅಂಚಿನಿಂದ ಹೊರಟರೆ ಮಾತ್ರ, ತೆರವಾದ ಪ್ರತಿ ಅಡಿ ನೆಲದ ಪಕ್ಕದಲ್ಲೂ ಅದನ್ನು ತುಂಬಲು ಸ್ಥಳೀಯ ಗಿಡದ ಬೀಜ, ಬೇರು, ಬಳ್ಳಿಗಳು ಕಾದಿರುತ್ತವೆ.

ಕಿತ್ತುಹಾಕುವ ಮುನ್ನ ಗುರುತಿಸುವುದನ್ನು ಕಲಿಯಬೇಕು, ಅದರಲ್ಲೂ ಮೊಳಕೆಯ ಹಂತದಲ್ಲಿ. ಬೆಳೆದ ಗಿಡವನ್ನು ಎಲ್ಲರೂ ಗುರುತಿಸುತ್ತಾರೆ; ಎರಡೆಲೆಯ ಸಸಿಯಲ್ಲಿ ಕಳೆ ಯಾವುದು, ಕಾಪಾಡಬೇಕಾದದ್ದು ಯಾವುದು ಎಂದು ಹೇಳಬಲ್ಲವರು ಕಡಿಮೆ. ನಮ್ಮ ತಂಡದಲ್ಲಿ ಮೊದಲ ದಿನವೇ ಒಬ್ಬರು ಬಹಳ ಶ್ರದ್ಧೆಯಿಂದ ಅರ್ಧ ಗಂಟೆ ಕಿತ್ತದ್ದು ನಾವು ಉಳಿಸಬೇಕೆಂದಿದ್ದ ಗಿಡಗಳನ್ನೇ ಆಗಿದ್ದವು. ಅಂದಿನಿಂದ ನಾವು ಕ್ರಮವನ್ನು ತಿರುಗಿಸಿದೆವು: ತಿಳಿದವರಿಬ್ಬರು ಮುಂದೆ ಹೋಗಿ ಉಳಿಸಬೇಕಾದ ಪ್ರತಿ ಎಳೆಗಿಡಕ್ಕೂ ಬಣ್ಣದ ಪಟ್ಟಿ ಕಟ್ಟುತ್ತಾರೆ, ಉಳಿದವರು ಹಿಂದಿನಿಂದ ಕಳೆ ತೆಗೆಯುತ್ತಾರೆ.

ಒಂದೊಂದು ಕಳೆಗೂ ಒಂದೊಂದು ಮದ್ದು. ಉಷ್ಣವಲಯದ ಅಮೆರಿಕದಿಂದ ಹೂವಿನ ಗಿಡವಾಗಿ ಹೊರಟು ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಗಳನ್ನು ಆವರಿಸಿದ ಲಂಟಾನವನ್ನು ನೆಲದ ಮಟ್ಟಕ್ಕೆ ಕಡಿದರೆ ಬುಡದಿಂದ ಹತ್ತು ಚಿಗುರು ಒಡೆಯುತ್ತದೆ. ಕಾಂಡವೂ ಬೇರೂ ಕೂಡುವ ಕೊರಳಿನಿಂದ ಕೆಲವು ಸೆಂಟಿಮೀಟರ್ ಕೆಳಗೆ ಮಣ್ಣು ಬಿಡಿಸಿ, ತಾಯಿಬೇರನ್ನು ಅಲ್ಲಿ ಕತ್ತರಿಸಿ, ಪೊದೆಯನ್ನು ಎತ್ತಿ ಬೇರು ಮೇಲಾಗುವಂತೆ ಬೋರಲು ಹಾಕಿದರೆ ಅದು ಮತ್ತೆ ನೆಲ ಹಿಡಿಯದೆ ಒಣಗುತ್ತದೆ. ಪಾರ್ಥೇನಿಯಂ ವರ್ಷಕ್ಕೊಮ್ಮೆ ಸಾಯುವ ಗಿಡವಾದರೂ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವುದರಿಂದ, ಹೂ ಬಿಡುವ ಮುನ್ನ, ನೆಲ ಹಸಿಯಾಗಿರುವಾಗ, ಬೇರುಸಹಿತ ಕೀಳಬೇಕು. ಅದು ಚರ್ಮದ ಉರಿಯನ್ನೂ ಉಬ್ಬಸವನ್ನೂ ಉಂಟುಮಾಡುವುದರಿಂದ ಕೈಗವಸು, ಮುಖಗವಸು, ಉದ್ದ ತೋಳಿನ ಅಂಗಿ ಕಡ್ಡಾಯ, ಮತ್ತು ಅಲರ್ಜಿಯಿರುವವರು ಆ ದಿನ ಬೇರೆ ಕೆಲಸ ಹಿಡಿಯಬೇಕು. ಅಮೆಜಾನ್ ಪ್ರದೇಶದಿಂದ ಬಂದ ನೀರಿನ ಹಯಸಿಂತ್ ಅನುಕೂಲವಾದ ಹವೆಯಲ್ಲಿ ಎರಡು ವಾರದೊಳಗೆ ತನ್ನ ಹರಹನ್ನು ಇಮ್ಮಡಿಸಿಕೊಳ್ಳಬಲ್ಲದು. ಹಾಗಾಗಿ ಅರ್ಧ ಕೊಳವನ್ನು ತೆಗೆದು ಉಳಿದರ್ಧವನ್ನು ಮುಂದಿನ ತಿಂಗಳಿಗೆ ಬಿಡುವುದು ಶ್ರಮವನ್ನು ನೀರಿಗೆ ಹಾಕಿದಂತೆಯೇ ಸರಿ. ಅದನ್ನು ದಡಕ್ಕೆ ಎಳೆದು ಹಾಕಿದರೆ ಸಾಲದು, ಮಳೆನೀರು ಮರಳಿ ಒಯ್ಯದಷ್ಟು ದೂರ ಸಾಗಿಸಬೇಕು.

ತೆಗೆದ ಕಳೆಯಲ್ಲಿ ಹೂವೂ ಕಾಯಿಯೂ ಇದ್ದರೆ ಗೊಬ್ಬರದ ಗುಂಡಿಗೆ ಹಾಕದೆ, ಬೇರೆಯಾಗಿ ಚೀಲದಲ್ಲಿ ತುಂಬಿ, ಬಿಸಿಲಿನಲ್ಲಿ ಪ್ಲಾಸ್ಟಿಕ್ ಹಾಳೆಯಡಿ ವಾರಗಟ್ಟಲೆ ಬೇಯಿಸಿ, ಅಥವಾ ಉದ್ಯಾನದವರು ಹೇಳಿದ ಜಾಗಕ್ಕೆ ಸಾಗಿಸಿ. ದಟ್ಟ ಪೊದೆಗಳನ್ನು ಹಕ್ಕಿಗಳು ಗೂಡು ಕಟ್ಟುವ ಕಾಲದಲ್ಲಿ ಮುಟ್ಟಬೇಡಿ. ಕಳೆಯ ಪೊದೆಯೇ ಆದರೂ ಆ ಹೊತ್ತಿಗೆ ಅದು ಯಾರದೋ ಮನೆ. ಸಣ್ಣ ಪ್ರಾಣಿಗಳಿಗೆ ಅದೊಂದೇ ಆಸರೆಯಾಗಿದ್ದರೆ, ಪಕ್ಕದಲ್ಲಿ ಸ್ಥಳೀಯ ಪೊದೆ ಎದ್ದು ನಿಲ್ಲುವವರೆಗೆ ಪಟ್ಟಿ ಪಟ್ಟಿಯಾಗಿ ತೆಗೆಯುವುದು ಸರಿಯಾದ ದಾರಿ.

ಹಂತ 6: ನೆಡಬೇಕಾದಲ್ಲಿ ಮಾತ್ರ ನೆಡುವುದು

ಕಳೆ ತೆಗೆದು ಒಂದು ಮಳೆಗಾಲ ಕಾದ ಮೇಲೆಯೂ ಸ್ಥಳೀಯ ಗಿಡಗಳು ತಾವಾಗಿ ಏಳದಿದ್ದರೆ ಆಗ ನೆಡುವ ಮಾತು. ನ್ಯೂಜಿಲೆಂಡಿನ ಟಿರಿಟಿರಿ ಮಟಂಗಿ ದ್ವೀಪ ಇದಕ್ಕೆ ಒಳ್ಳೆಯ ನಿದರ್ಶನ. ಬೇಸಾಯಕ್ಕೆಂದು ಬಹುಪಾಲು ಬೋಳಾಗಿ, ದನಕುರಿಗಳು ಹೋದ ಮೇಲೂ ದಟ್ಟ ಹುಲ್ಲು ಮತ್ತು ಜರೀಗಿಡಗಳ ನಡುವೆ ಕಾಡು ಮರಳಲಾರದೆ ನಿಂತಿದ್ದ ಆ ದ್ವೀಪದಲ್ಲಿ, 1984ರಿಂದ 1994ರವರೆಗೆ ಸ್ವಯಂಸೇವಕರು ಎರಡೂವರೆ ಲಕ್ಷಕ್ಕೂ ಹೆಚ್ಚು ಸಸಿಗಳನ್ನು ನೆಟ್ಟರು. ಅಷ್ಟು ನೆಟ್ಟವರೂ ದ್ವೀಪದ ಒಂದು ಭಾಗವನ್ನು, ತೆರೆದ ಹುಲ್ಲುಗಾವಲನ್ನೇ ಬಯಸುವ ಹಕ್ಕಿಗಳಿಗಾಗಿ, ಹುಲ್ಲಾಗಿಯೇ ಉಳಿಸಿದರು ಎಂಬುದನ್ನು ಗಮನಿಸಬೇಕು.

ಸಸಿ ಮತ್ತು ಬೀಜ ಆ ನೆಲದ ಹತ್ತಿರದ, ಅದೇ ಬಗೆಯ ಮಣ್ಣು ಹವೆಗಳಲ್ಲಿ ಬೆಳೆದ ಗಿಡಗಳಿಂದಲೇ ಬರಲಿ. ಬೀಜ ಕೂಡಿಸುವಾಗ ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು. ಆ ದಿನ ಮಾಗಿ ನಿಂತಿರುವ ಬೀಜದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದೆಂಬ, ಬೀಜ ಸಂಗ್ರಹಕಾರರು ಪಾಲಿಸುವ ಮಿತಿಯನ್ನು ನೀವೂ ಪಾಲಿಸಿ. ಬಹಳ ಎತ್ತರದ ಸಸಿಗೆ ಆಸೆಪಡಬೇಡಿ. ಚಿಕ್ಕ ಚೀಲದಲ್ಲಿ ಬಹಳ ಕಾಲ ಬೆಳೆದು ಬೇರು ಸುರುಳಿಯಾಗಿ ಸುತ್ತಿಕೊಂಡ ಎತ್ತರದ ಸಸಿಗಿಂತ, ಮೊಣಕಾಲುದ್ದದ ಎಳೆಯ ಸಸಿ ಬೇಗ ನೆಲ ಹಿಡಿಯುತ್ತದೆ.

ಮಳೆಗಾಲದ ಆರಂಭದಲ್ಲಿ, ನೆಲ ಒಂದು ಗೇಣು ಆಳದವರೆಗೂ ನೆನೆದ ಮೇಲೆ ನೆಡಿ. ಗುಂಡಿಯ ಆಳ ಬೇರುಗಡ್ಡೆಯಷ್ಟೇ ಇರಲಿ, ಅಗಲ ಅದರ ಎರಡು ಮೂರು ಪಟ್ಟು ಇರಲಿ. ಆಳ ಹೆಚ್ಚಾದರೆ ಸಸಿ ಕುಸಿದು ಕೊರಳು ಮಣ್ಣಿನಡಿ ಹೂತು ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಲವನ್ನು ಪೂರ್ತಿ ತೆಗೆಯಿರಿ. ಹೇಳಬೇಕಾಗಿಲ್ಲದ ಮಾತು ಎನಿಸಬಹುದು, ಆದರೆ ಸತ್ತ ಸಸಿಗಳನ್ನು ಕಿತ್ತು ನೋಡಿದಾಗ ಬೇರಿಗೆ ಚೀಲ ಹಾಗೆಯೇ ಸುತ್ತಿಕೊಂಡಿರುವುದನ್ನು ನಾನು ಎಣಿಸಲಾರದಷ್ಟು ಬಾರಿ ಕಂಡಿದ್ದೇನೆ. ಸುತ್ತಿಕೊಂಡ ಬೇರುಗಳನ್ನು ಬಿಡಿಸಿ ಅಥವಾ ಕತ್ತರಿಸಿ, ಬೇರು ಕವಲೊಡೆಯುವ ಜಾಗ ನೆಲದ ಮಟ್ಟಕ್ಕೆ ಬರುವಂತೆ ನಿಲ್ಲಿಸಿ, ತೆಗೆದ ಮಣ್ಣನ್ನೇ ಮರಳಿ ತುಂಬಿ, ಗಾಳಿಯ ಪೊಳ್ಳು ಉಳಿಯದಂತೆ ನೀರು ಹಾಕಿ. ಸುತ್ತ ಐದರಿಂದ ಹತ್ತು ಸೆಂಟಿಮೀಟರ್ ದಪ್ಪ ತರಗೆಲೆಯ ಹೊದಿಕೆ ಹಾಸಿ, ಕಾಂಡಕ್ಕೆ ತಾಗದಂತೆ ಒಂದು ಅಂಗೈ ಅಗಲದ ಜಾಗ ಬಿಡಿ. ಕಾಂಡದ ಸುತ್ತ ಗುಡ್ಡೆಯಂತೆ ಹೊದಿಕೆ ಒಟ್ಟಿದರೆ ತೊಗಟೆ ಕೊಳೆಯುತ್ತದೆ. ಗಾಳಿ ಹೆಚ್ಚಿರುವ ಕಡೆ ಮಾತ್ರ ಊರೆಗೋಲು ಕೊಡಿ, ಕಟ್ಟು ಸಡಿಲವಾಗಿರಲಿ, ಒಂದು ವರ್ಷದಲ್ಲಿ ಅದನ್ನು ಬಿಚ್ಚಿ. ಗಾಳಿಗೆ ಅಲುಗಾಡಿದ ಕಾಂಡವೇ ಗಟ್ಟಿಯಾಗುವುದು.

ನೆಟ್ಟ ಬಳಿಕದ ಮೊದಲ ಎರಡು ಒಣಗಾಲಗಳೇ ನಿಜವಾದ ಪರೀಕ್ಷೆ. ದಿನಾ ಮೇಲೆಮೇಲೆ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಷ್ಟು ನೀರು ಕೊಟ್ಟರೆ ಬೇರು ನೀರನ್ನು ಹುಡುಕಿ ಕೆಳಗೆ ಹೋಗುತ್ತದೆ. ಯಾವ ವಾರ ಯಾರ ಸರದಿ ಎಂಬ ಪಟ್ಟಿ ನೆಡುವ ದಿನಕ್ಕೆ ಮುಂಚೆಯೇ ತಯಾರಾಗಿರಬೇಕು. ಪಟ್ಟಿಯಲ್ಲಿ ಎಷ್ಟು ಹೆಸರು ಬಂತೋ ಅಷ್ಟು ಜನ ನೀರೆರೆಯಬಲ್ಲಷ್ಟೇ ಸಸಿ ತರಿಸಿ, ಅದಕ್ಕಿಂತ ಒಂದೂ ಹೆಚ್ಚು ಬೇಡ.

ಹಂತ 7: ಕಾಲುದಾರಿ ಮತ್ತು ನೀರು

ದಾರಿಯನ್ನು ಕೆಡಿಸುವುದು ಕಾಲಿಗಿಂತ ಹೆಚ್ಚಾಗಿ ನೀರು. ಇಳಿಜಾರಿನಲ್ಲಿ ನೇರವಾಗಿ ಇಳಿಯುವ ದಾರಿ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ, ಮುಂದಿನ ವರ್ಷ ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಜನ ಪಕ್ಕದಲ್ಲಿ ನಡೆದು ಎರಡನೆಯ, ಮೂರನೆಯ ದಾರಿ ಮಾಡುತ್ತಾರೆ. ದಾರಿಯ ಏರು, ಅದು ಹಾದುಹೋಗುವ ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಕಡಿಮೆ ಇರಬೇಕು, ಒಟ್ಟಾರೆ ಸರಾಸರಿ ಶೇ. 10ನ್ನು ಮೀರಬಾರದು ಎಂಬುದು ದಾರಿ ಕಟ್ಟುವವರ ಕೈಲೆಕ್ಕ. ದಾರಿಯ ಮೇಲ್ಮೈಯನ್ನು ಕೆಳಮಗ್ಗುಲಿಗೆ ಶೇ. 5ರಷ್ಟು ಬಾಗಿಸಿದರೆ ನೀರು ದಾರಿಯುದ್ದಕ್ಕೂ ಓಡದೆ ಅಡ್ಡಲಾಗಿ ಹಾದುಹೋಗುತ್ತದೆ. ವರ್ಷ ಕಳೆದಂತೆ ಹೊರ ಅಂಚಿನಲ್ಲಿ ಮಣ್ಣಿನ ದಂಡೆ ಎದ್ದು ನೀರನ್ನು ಒಳಗೇ ಹಿಡಿದಿಡುತ್ತದೆ. ಮಳೆಗಾಲಕ್ಕೆ ಮುಂಚೆ ಆ ದಂಡೆಯನ್ನು ಸಲಿಕೆಯಿಂದ ತೆಗೆಯುವುದು ಹೊಸಬರಿಗೂ ಬರುವ, ಬಹಳ ಉಪಕಾರದ ಕೆಲಸ. ಮುಚ್ಚಬೇಕಾದ ಅಡ್ಡದಾರಿಗೆ ಫಲಕ ಹಾಕುವುದಕ್ಕಿಂತ ಅದರ ಬಾಯಿಗೆ ಒಣಕೊಂಬೆ, ಬಂಡೆ ಹಾಕಿ, ನೆಲ ಸಡಿಲಿಸಿ, ತರಗೆಲೆ ಹರಡಿ ದಾರಿಯೇ ಇಲ್ಲದಂತೆ ಕಾಣಿಸುವುದು ಫಲಕಾರಿ.

ಹಂತ 8: ಕೊಂಬೆ, ದಿಮ್ಮಿ, ತರಗೆಲೆ, ಕಸ

ನೆಲದ ಮೇಲೆ ನಿಂತು ಕೈಗರಗಸಕ್ಕೆ ಸಿಗುವ ಕೊಂಬೆಗಳನ್ನಷ್ಟೇ ಸವರಿ. ಭಾರದ ಕೊಂಬೆಗೆ ಮೊದಲು ಅಡಿಯಿಂದ ಅರೆಗಚ್ಚು, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಪೂರ್ತಿ ಕಡಿತ, ಕೊನೆಗೆ ಬುಡದ ಉಬ್ಬಿನ ಹೊರಗಡೆ ಮೂರನೆಯ ಕಡಿತ ಎಂಬ ಕ್ರಮದಲ್ಲಿ ಹೋದರೆ ತೊಗಟೆ ಸೀಳುವುದಿಲ್ಲ. ಆ ಉಬ್ಬನ್ನು ಕಾಂಡದ ಸಮಕ್ಕೆ ಕತ್ತರಿಸಬಾರದು, ಗಾಯಕ್ಕೆ ಬಣ್ಣವನ್ನೂ ಬಳಿಯಬಾರದು. ಮರ ತಾನಾಗಿ ಗಾಯವನ್ನು ಮುಚ್ಚಿಕೊಳ್ಳುವುದು ಆ ಉಬ್ಬಿನಿಂದಲೇ. ಬಿದ್ದ ದಿಮ್ಮಿ ದಾರಿಗೆ ಅಡ್ಡವಿಲ್ಲದಿದ್ದರೆ ಅಲ್ಲೇ ಇರಲಿ. ತರಗೆಲೆಯನ್ನು ಗುಡಿಸಿ ಸುಡುವುದನ್ನು ಸ್ವಚ್ಛತೆ ಎಂದು ಕರೆಯುವ ರೂಢಿ ಬಹಳ ಕಡೆ ಇದೆ. ಗುಡಿಸಿದ್ದು ಆ ನೆಲದ ಮುಂದಿನ ವರ್ಷದ ಗೊಬ್ಬರ. ಪ್ಲಾಸ್ಟಿಕ್ ಮತ್ತು ಗಾಜನ್ನು ಹೆಕ್ಕುವಾಗ ಯಾವ ಬಗೆಯ ಕಸ ಎಲ್ಲಿ ಬೀಳುತ್ತಿದೆ ಎಂದು ಎಣಿಸಿ ಬರೆದುಕೊಂಡರೆ, ಕಸದ ಬುಟ್ಟಿ ಎಲ್ಲಿರಬೇಕೆಂದು ಕೇಳಲು ನಿಮ್ಮ ಬಳಿ ಆಧಾರವಿರುತ್ತದೆ.

ಹಂತ 9: ದಾಖಲೆ

ಕೆಲಸಕ್ಕೆ ಮುಂಚೆಯೇ ನಾಲ್ಕೈದು ಕಡೆ ಗೂಟ ನೆಟ್ಟು, ಅದೇ ಗೂಟದ ಬಳಿ ನಿಂತು, ಅದೇ ದಿಕ್ಕಿಗೆ, ವರ್ಷವರ್ಷವೂ ಅದೇ ತಿಂಗಳಲ್ಲಿ ಒಂದೊಂದು ಭಾವಚಿತ್ರ ತೆಗೆಯಿರಿ. ಒಂದು ಮೀಟರ್ ಚೌಕದ ಕೋಲಿನ ಚೌಕಟ್ಟನ್ನು ಗೊತ್ತಾದ ಜಾಗಗಳಲ್ಲಿ ಇಟ್ಟು, ಅದರೊಳಗೆ ಕಳೆ ಎಷ್ಟು ಪಾಲು, ಸ್ಥಳೀಯ ಗಿಡ ಎಷ್ಟು ಪಾಲು, ಬರಿನೆಲ ಎಷ್ಟು ಎಂದು ಅಂದಾಜು ಮಾಡಿ ಬರೆಯಿರಿ. ನೆಟ್ಟ ಸಸಿಗಳಿಗೆ ಸಂಖ್ಯೆ ಕೊಟ್ಟು, ಪ್ರತಿ ಬೇಸಿಗೆಯ ಕೊನೆಯಲ್ಲಿ ಉಳಿದವನ್ನು ಎಣಿಸಿ. ನೆಟ್ಟ ಸಂಖ್ಯೆಯನ್ನು ಹೇಳಿಕೊಳ್ಳುವ ತಂಡಗಳಿಗೆ ಕೊರತೆಯಿಲ್ಲ. ಮೂರನೆಯ ವರ್ಷ ಬದುಕಿರುವ ಸಂಖ್ಯೆಯನ್ನು ಹೇಳಬಲ್ಲ ತಂಡಕ್ಕೆ ಕಚೇರಿಯವರೂ ಕಿವಿಗೊಡುತ್ತಾರೆ. ಹಕ್ಕಿ, ಚಿಟ್ಟೆ, ಗಿಡಗಳ ಚಿತ್ರಗಳನ್ನು 2008ರಲ್ಲಿ ಆರಂಭವಾದ ಐನ್ಯಾಚುರಲಿಸ್ಟ್‌ನಂಥ ಅಂತರ್ಜಾಲದ ಮುಕ್ತ ದಾಖಲೆಗಳಿಗೆ ಸೇರಿಸಿದರೆ, ಗುರುತಿಸಲು ತಿಳಿದವರ ನೆರವೂ ಸಿಗುತ್ತದೆ.

ಹಂತ 10: ಅಕ್ಕಪಕ್ಕದವರು

ಶಿಕಾಗೋ ಸುತ್ತಲಿನ ಸಾರ್ವಜನಿಕ ಕಾಡುಗಳಲ್ಲಿ 1977ರಿಂದ ಸ್ವಯಂಸೇವಕರು ಬೀಜ ಕೂಡಿಸುತ್ತ, ಹೊರಗಿನ ಪೊದೆಗಳನ್ನು ಕಡಿಯುತ್ತ, ಹತೋಟಿಯಲ್ಲಿ ಬೆಂಕಿ ಹಾಕುತ್ತ, ಮುಚ್ಚಿಹೋಗಿದ್ದ ಪ್ರೇರಿ ಮತ್ತು ಓಕ್ ಮರಗಳ ತೆರೆದ ಬಯಲುಗಳನ್ನು ಮರಳಿ ಪಡೆದರು. ಸಸ್ಯಶಾಸ್ತ್ರದ ದೃಷ್ಟಿಯಿಂದ ಅದು ಮೆಚ್ಚುವಂಥ ಕೆಲಸ. ಆದರೂ 1996ರಲ್ಲಿ, ತಮ್ಮ ಮನೆಯ ಪಕ್ಕದ ಮರಗಳು ಏಕೆ ಉರುಳುತ್ತಿವೆ ಎಂದು ತಿಳಿಯದ ನಿವಾಸಿಗಳ ವಿರೋಧ ಜೋರಾಗಿ, ಅಲ್ಲಿಯ ಆಡಳಿತ ಈ ಕೆಲಸವನ್ನೇ ತಡೆಹಿಡಿಯಿತು. ಗರಗಸ ಹಿಡಿದವರನ್ನು ಕಂಡು ದಾರಿಹೋಕರು ಕೋಪಗೊಳ್ಳುವುದು ಸಹಜ, ಒಂದರ್ಥದಲ್ಲಿ ಒಳ್ಳೆಯ ಲಕ್ಷಣವೂ ಹೌದು. ಆ ಜಾಗದ ಮೇಲೆ ಅವರಿಗೆ ಪ್ರೀತಿಯಿದೆ ಎಂದರ್ಥ. ಆದ್ದರಿಂದ ಕಡಿಯುವ ಕೆಲಸಕ್ಕೆ ಎರಡು ವಾರ ಮುಂಚೆ ಪ್ರವೇಶದ್ವಾರದಲ್ಲಿ ಏನನ್ನು, ಏಕೆ, ಯಾವಾಗ ತೆಗೆಯುತ್ತೇವೆ, ಅದರ ಜಾಗದಲ್ಲಿ ಏನು ಬರುತ್ತದೆ ಎಂದು ಬರೆದು ಹಾಕಿ. ಕೆಲಸದ ದಿನ ಒಬ್ಬರನ್ನು ಉತ್ತರ ಹೇಳುವುದಕ್ಕೆಂದೇ ದಾರಿಯ ಬದಿಯಲ್ಲಿ ನಿಲ್ಲಿಸಿ. ಅಲ್ಲಿ ನಿತ್ಯ ನಡೆದಾಡುವ ಹಿರಿಯರನ್ನು, ಆಟವಾಡುವ ಮಕ್ಕಳನ್ನು, ನೆರಳಿಗೆ ಬಂದು ಕೂರುವ ಕೂಲಿಕಾರರನ್ನು ಮೊದಲೇ ಕೇಳಿ. ನಿಮ್ಮ ನಕ್ಷೆಯಲ್ಲಿ ಬರಿ ಪೊದೆಯಾಗಿರುವುದು ಅವರಿಗೆ ಗಾಳಿಯ ಮರೆಯಾಗಿರಬಹುದು.

ತಂಡದೊಳಗಿನ ಜನರ ಬಗ್ಗೆಯೂ ಒಂದು ಮಾತು. ತಿಂಗಳ ಇಂಥ ವಾರ, ಇಂಥ ಹೊತ್ತು ಎಂದು ದಿನ ಗೊತ್ತುಮಾಡಿ, ನಾಲ್ಕೇ ಜನ ಬಂದರೂ ಅದನ್ನು ತಪ್ಪಿಸಬೇಡಿ. ಎರಡೂವರೆ ಮೂರು ಗಂಟೆಗಿಂತ ಹೆಚ್ಚು ದುಡಿಸಬೇಡಿ. ದಣಿದು ಮನೆಗೆ ಹೋದವರು ಮುಂದಿನ ತಿಂಗಳು ಬರುವುದಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಉಪಕರಣ ಎಣಿಸಿ, ತೊಳೆದು, ಒರೆಸಿ, ಹಿಡಿಕೆಗೆ ಎಣ್ಣೆ ಸವರಿ ಇಡಿ. ಬೀಗದ ಕೈ, ಅನುಮತಿ ಪತ್ರ, ನಕ್ಷೆ, ಚಿತ್ರ ತೆಗೆಯುವ ಗೂಟಗಳ ಜಾಗ ಇವು ಒಬ್ಬರಿಗೇ ಗೊತ್ತಿರದಂತೆ ನೋಡಿಕೊಳ್ಳಿ. ಎರಡನೆಯ ವರ್ಷದಿಂದಲೇ ಇನ್ನೊಬ್ಬರ ಕೈಯಲ್ಲಿ ಒಂದೊಂದು ಕೆಲಸದ ದಿನವನ್ನು ನಡೆಸಿ, ನೀವು ಆ ದಿನ ಸಾಲಿನಲ್ಲಿ ಕೂತು ಕಳೆ ಕೀಳಿ.